ಫ್ರಿಜ್ ಕೈಪಿಡಿಯ ಕೊನೆಯ ಪುಟ

ಫ್ರಿಜ್ ಕೊಂಡಾಗ ಅದರ ಜೊತೆಗೊಂದು ತೆಳುವಾದ ಪುಸ್ತಿಕೆ ಬರುತ್ತದೆ. ಬಹುಪಾಲು ಮನೆಗಳಲ್ಲಿ ಅದು ವಾರಂಟಿ ಕಾರ್ಡಿನೊಡನೆ ಪ್ಲಾಸ್ಟಿಕ್ ಚೀಲ ಸೇರಿ ಬೀರುವಿನ ತಳದಲ್ಲಿ ಮಲಗಿಬಿಡುತ್ತದೆ. ಅದು ಮತ್ತೆ ಹೊರಗೆ ಬರುವುದು ಹಾಲು ಒಡೆದ ದಿನ. ಆಗ ನಾವು ಹುಡುಕುವುದು ಕೊನೆಯ ಒಂದೆರಡು ಪುಟಗಳನ್ನು. ಸರ್ವಿಸ್‌ನವರನ್ನು ಕರೆಯುವ ಮುನ್ನ ಓದಿರಿ ಎಂಬರ್ಥದ ತಲೆಬರಹದ ಕೆಳಗೆ ಅಲ್ಲೊಂದು ಕೋಷ್ಟಕ ಇರುತ್ತದೆ. ತೊಂದರೆ, ಕಾರಣ, ಪರಿಹಾರ ಎಂದು ಅದರಲ್ಲಿ ಮೂರು ಅಂಕಣ. ಈ ಲೇಖನದಲ್ಲಿ ನಾನು ವಿಮರ್ಶೆಗೆ ಎತ್ತಿಕೊಂಡಿರುವುದು ಆ ಪುಟವನ್ನು.

ವಿಮರ್ಶೆ ಮಾಡಲು ಅದೇನು ಗ್ರಂಥವೇ ಎಂದು ನೀವು ಕೇಳಬಹುದು. ಆದರೆ ಯೋಚಿಸಿ ನೋಡಿ: ವಿಜ್ಞಾನದ ಪುಸ್ತಕ ಒಂದೂ ಇಲ್ಲದ ಮನೆಯಲ್ಲಿಯೂ ಫ್ರಿಜ್ ಇದ್ದರೆ ಈ ಕೈಪಿಡಿ ಇರುತ್ತದೆ. ಉಷ್ಣ, ಆರ್ದ್ರತೆ, ವಿದ್ಯುತ್ತು ಇವುಗಳ ಬಗ್ಗೆ ಗೃಹಸ್ಥನೊಬ್ಬ ಅಗತ್ಯಬಿದ್ದು, ಮನಸ್ಸಿಟ್ಟು ಓದುವ ಪುಟ ಬಹುಶಃ ಇದೊಂದೇ. ಅದು ಏನು ಹೇಳುತ್ತದೆ, ಏನು ಹೇಳದೆ ಬಿಡುತ್ತದೆ ಎಂಬುದು ಮುಖ್ಯವಾಗುತ್ತದೆ.

ನಮ್ಮ ಮನೆಯದು, ನೆಂಟರದು, ನೆರೆಯವರದು ಎಂದು ಏಳೆಂಟು ಕೈಪಿಡಿಗಳನ್ನು ಕೂಡಿಸಿಕೊಂಡು ಓದಿದೆ. ತಯಾರಕರು ಬೇರೆ ಬೇರೆ; ಕೋಷ್ಟಕ ಮಾತ್ರ ಹೆಚ್ಚುಕಡಿಮೆ ಒಂದೇ ಅಚ್ಚಿನದು. ಆದ್ದರಿಂದ ಯಾರ ಹೆಸರನ್ನೂ ಹೇಳುವ ಅಗತ್ಯವಿಲ್ಲ.

ಈ ಓದಿಗೆ ಕಾರಣವಾದದ್ದು ನಮ್ಮ ಪಕ್ಕದ ಮನೆಯ ಫ್ರಿಜ್. ನಮ್ಮದು ಕರಾವಳಿಯ ಊರು. ಪಕ್ಕದ ಮನೆಯಲ್ಲಿರುವುದು ಎರಡು ಬಾಗಿಲಿನ, ತಾನಾಗಿ ಹಿಮ ಕರಗಿಸಿಕೊಳ್ಳುವ 'ಫ್ರಾಸ್ಟ್ ಫ್ರೀ' ಮಾದರಿ. ಮೇಲೆ ಫ್ರೀಜರಿನಲ್ಲಿ ಐಸ್ ಆಗುತ್ತದೆ, ಕೆಳಗೆ ಹಾಲು ಉಳಿಯುವುದಿಲ್ಲ. ಮೆಕ್ಯಾನಿಕ್ ಬಂದ. "ಗ್ಯಾಸ್ ಮುಗಿದಿದೆ" ಎಂದ. ಗ್ಯಾಸ್ ತುಂಬಿಸಿದರು, ಸರಿಹೋಯಿತು. ಹತ್ತು ದಿನಕ್ಕೆ ಮತ್ತೆ ಅದೇ ಕಥೆ. ಮತ್ತೆ ಗ್ಯಾಸ್ ತುಂಬಿಸಿದರು, ಮತ್ತೆ ಹತ್ತು ದಿನ ಸರಿಯಿತ್ತು. ಮೂರನೆಯ ಸಲ ಆ ಮನೆಯ ಹಿರಿಯರು ಕೈಪಿಡಿಯನ್ನು ಹಿಡಿದುಕೊಂಡೇ ನಮ್ಮ ಮನೆಗೆ ಬಂದರು. "ಮಾಸ್ಟ್ರೇ, ಇದರಲ್ಲಿ ಬರೆದದ್ದೆಲ್ಲ ಮಾಡಿ ಆಯ್ತು. ಕೊನೆಗೆ ಎಲ್ಲ ಸಾಲಿನಲ್ಲೂ ಸರ್ವಿಸ್‌ನವರನ್ನು ಕರೆಯಿರಿ ಅಂತಲೇ ಉಂಟು. ಕರೆದೂ ಆಯ್ತಲ್ಲ, ಇನ್ನೆಂತ ಮಾಡುವುದು?" ಎಂದರು.

ಅವರ ಮಾತಿನಲ್ಲಿ ಈ ಕೋಷ್ಟಕದ ಮೊದಲ ದೋಷ ಅಡಗಿದೆ. ಅದು ಕಾರಣಗಳನ್ನು ಪಟ್ಟಿ ಮಾಡುತ್ತದೆ. ಒಂದು ಕಾರಣವನ್ನು ಇನ್ನೊಂದರಿಂದ ಬೇರ್ಪಡಿಸಿ ನೋಡುವ ಪರೀಕ್ಷೆಯನ್ನು ಹೇಳುವುದಿಲ್ಲ. 'ಸಾಕಷ್ಟು ತಂಪಾಗುತ್ತಿಲ್ಲ' ಎಂಬ ತೊಂದರೆಯ ಎದುರು ಏನೇನಿರುತ್ತದೆ ನೋಡಿ: ಬಾಗಿಲನ್ನು ಪದೇ ಪದೇ ತೆರೆಯುತ್ತಿರಬಹುದು, ಬಿಸಿ ಪದಾರ್ಥ ಇಟ್ಟಿರಬಹುದು, ಗುಬುಟನ್ನು ಸರಿಯಾಗಿ ತಿರುಗಿಸಿಲ್ಲದಿರಬಹುದು, ಗೋಡೆಗೆ ತೀರ ಒತ್ತಿರಬಹುದು, ಬಿಸಿಲು ಬೀಳುತ್ತಿರಬಹುದು, ಸಾಮಾನು ಕಿಕ್ಕಿರಿದಿರಬಹುದು. ಎಲ್ಲವೂ ನಿಜವೇ. ಆದರೆ ಎಲ್ಲಕ್ಕೂ ಒಂದೇ ತೂಕ.

ಫ್ರಿಜ್ ತಂಪನ್ನು ತಯಾರಿಸುವುದಿಲ್ಲ, ಒಳಗಿನ ಉಷ್ಣವನ್ನು ಎತ್ತಿ ಹೊರಗೆ ಹಾಕುತ್ತದೆ ಎಂದು ನಾವು ಪಾಠ ಹೇಳುತ್ತೇವೆ. ತೂತಿರುವ ದೋಣಿಯಿಂದ ನೀರು ಮೊಗೆದು ಹಾಕುವ ಹಾಗೆ. ದೋಣಿಯಲ್ಲಿ ನೀರು ಏರುತ್ತಿದ್ದರೆ ಕೇಳಬೇಕಾದದ್ದು ಎರಡೇ ಪ್ರಶ್ನೆ. ಒಳಬರುವ ನೀರು ಹೆಚ್ಚಾಯಿತೆ? ಮೊಗೆಯುವವನ ಕೈ ಸೋತಿತೆ? ಫ್ರಿಜ್‌ನ ಕೋಷ್ಟಕ ಈ ಎರಡು ಪ್ರಶ್ನೆಗಳನ್ನು ಕಲಸಿಬಿಟ್ಟಿದೆ. ಮೊದಲನೆಯದನ್ನು ಓದುಗನ ತಪ್ಪುಗಳ ಪಟ್ಟಿಯಾಗಿ ಬೆಳೆಸಿ, ಎರಡನೆಯದನ್ನು ಮೆಕ್ಯಾನಿಕ್‌ಗೆ ಬಿಟ್ಟುಕೊಟ್ಟಿದೆ.

ತೂಕದ ಮಾತು ಬಂದಿತಲ್ಲ, ಸ್ವಲ್ಪ ಲೆಕ್ಕ ಹಾಕೋಣ. ಮಳೆಗಾಲದ ಒಂದು ದಿನ ಅಡುಗೆಮನೆಯ ತಾಪ 30 ಡಿಗ್ರಿ ಸೆಲ್ಸಿಯಸ್, ಸಾಪೇಕ್ಷ ಆರ್ದ್ರತೆ ಶೇಕಡ 80 ಎಂದಿಟ್ಟುಕೊಳ್ಳಿ. ಬಾಗಿಲು ತೆರೆದಾಗ ಒಳಗಿನ 200 ಲೀಟರ್ ತಂಪು ಗಾಳಿಯೆಲ್ಲ ಸುರಿದುಹೋಗಿ ಅಷ್ಟೇ ಹೊರಗಾಳಿ ಒಳಗೆ ಬಂದಿತು. ಅದನ್ನು 5 ಡಿಗ್ರಿಗೆ ಇಳಿಸಲು ಸುಮಾರು 6 ಕಿಲೋಜೂಲ್ ಉಷ್ಣವನ್ನು ತೆಗೆಯಬೇಕು. ಗಾಳಿಯಲ್ಲಿದ್ದ ನೀರಾವಿಯಲ್ಲಿ ಮೂರೂವರೆ ಗ್ರಾಮಿನಷ್ಟು ದ್ರವವಾಗುತ್ತದೆ. ಅದರ ಗುಪ್ತೋಷ್ಣ ಇನ್ನೊಂದು 9 ಕಿಲೋಜೂಲ್. ಒಟ್ಟು 15. ಈಗ ಒಂದು ಲೀಟರ್ ಸಾರನ್ನು 80 ಡಿಗ್ರಿ ಬಿಸಿಯಿರುವಾಗಲೇ ಒಳಗಿಟ್ಟರೆ? ಅದನ್ನು 5 ಡಿಗ್ರಿಗೆ ತರಲು 314 ಕಿಲೋಜೂಲ್ ಬೇಕು. ಅಂದರೆ ಒಂದು ಪಾತ್ರೆ ಬಿಸಿ ಸಾರು ಇಪ್ಪತ್ತೊಂದು ಸಲ ಬಾಗಿಲು ತೆರೆದದ್ದಕ್ಕೆ ಸಮ. ಸೆಕೆಂಡಿಗೆ 100 ಜೂಲ್ ಎತ್ತಬಲ್ಲ ಯಂತ್ರವಾದರೆ ಬರೀ ಆ ಸಾರಿಗಾಗಿ ಐವತ್ತು ನಿಮಿಷ ದುಡಿಯಬೇಕು. ಫ್ರಿಜ್ ತೆರೆದ ಮಕ್ಕಳನ್ನು ಗದರಿಸುವ ನಾವು ಸಾರಿನ ಪಾತ್ರೆಯ ಬಗ್ಗೆ ಅಷ್ಟು ಕಟ್ಟುನಿಟ್ಟಾಗಿರುವುದಿಲ್ಲ. (ಬಾಗಿಲಿನಿಂದ ಆಗುವ ನಿಜವಾದ ಕೇಡು ಉಷ್ಣದ್ದಲ್ಲ, ತೇವದ್ದು, ಅದಕ್ಕೆ ಮುಂದೆ ಬರುತ್ತೇನೆ.)

ಹಾಗಾದರೆ ಬಿಸಿ ಪದಾರ್ಥವನ್ನು ಪೂರ್ತಿ ತಣಿಸಿ ಇಡಿ ಎಂದು ಕೈಪಿಡಿ ಹೇಳುವುದು ಸರಿಯಲ್ಲವೆ? ಅರ್ಧ ಸರಿ. ಎಷ್ಟು ಹೊತ್ತು ತಣಿಸಬೇಕು ಎಂದು ಅದು ಹೇಳುವುದಿಲ್ಲ. ಆಹಾರದಲ್ಲಿ ಬ್ಯಾಕ್ಟೀರಿಯಗಳು ಚೆನ್ನಾಗಿ ವೃದ್ಧಿಯಾಗುವುದು 5ರಿಂದ 60 ಡಿಗ್ರಿಯ ನಡುವೆ. ಬೇಸಗೆಯಲ್ಲಿ 'ತಣಿಯಲಿ' ಎಂದು ರಾತ್ರಿಯೆಲ್ಲ ಕಟ್ಟೆಯ ಮೇಲೆ ಬಿಟ್ಟ ಅನ್ನ ಯಂತ್ರಕ್ಕೆ ಹಗುರ, ಹೊಟ್ಟೆಗೆ ಅಪಾಯ. ಎರಡು ಗಂಟೆಯೊಳಗೆ ಒಳಗಿಡಬೇಕು ಎಂಬುದು ಆಹಾರ ಸುರಕ್ಷತೆಯವರ ಸಾಮಾನ್ಯ ಸೂಚನೆ. ಅಗಲವಾದ ಬೋಗುಣಿಯಲ್ಲಿ ತಣ್ಣೀರಿಟ್ಟು ಪಾತ್ರೆಯನ್ನು ಅದರೊಳಗೆ ಕೂರಿಸಿದರೆ ಅರ್ಧ ಗಂಟೆಯಲ್ಲಿ ಬಹುಪಾಲು ಬಿಸಿ ನೀರಿಗೆ ಹೋಗಿಬಿಡುತ್ತದೆ. ನಮ್ಮ ಅಜ್ಜಿಯಂದಿರು ಹಾಲನ್ನು ಹೀಗೆಯೇ ತಣಿಸುತ್ತಿದ್ದರು. ಒಂದು ಸಾಲಿನಲ್ಲಿ ಮುಗಿಯುವ ಈ ಮಾತು ನಾನು ನೋಡಿದ ಯಾವ ಕೈಪಿಡಿಯಲ್ಲಿಯೂ ಇಲ್ಲ.

ಗೋಡೆಯಿಂದ ದೂರವಿಡಿ ಎಂಬ ಸಾಲಿಗೂ ಸಿಗಬೇಕಾದ ತೂಕ ಸಿಕ್ಕಿಲ್ಲ. ಸುತ್ತಲಿನ ಗಾಳಿ 30 ಡಿಗ್ರಿ ಇರುವಾಗ ಫ್ರೀಜರಿನ ಮೈನಸ್ 18ಕ್ಕೂ ಅದಕ್ಕೂ 48 ಡಿಗ್ರಿ ಅಂತರ. ಒಲೆಯ ಪಕ್ಕದಲ್ಲೋ ಗಾಳಿಯಾಡದ ಮೂಲೆಯಲ್ಲೋ ಇಟ್ಟು ಅದನ್ನು 40 ಮಾಡಿದರೆ ಅಂತರ 58. ಗೋಡೆಗಳ ಮೂಲಕ ಒಳನುಸುಳುವ ಉಷ್ಣ ಆ ಪ್ರಮಾಣದಲ್ಲಿ ಹೆಚ್ಚುತ್ತದೆ; ಒಂದೊಂದು ಜೂಲ್ ಉಷ್ಣವನ್ನು ಮೇಲೆತ್ತಲು ಬೇಕಾದ ಕೆಲಸವೂ, ಕಾರ್ನೋನ ಆದರ್ಶ ಯಂತ್ರದಲ್ಲಿ ಕೂಡ, ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಎರಡನ್ನೂ ಗುಣಿಸಿದರೆ ಸುಮಾರು 1.46. ಬರೀ ಜಾಗ ತಪ್ಪಾದದ್ದಕ್ಕೆ ವಿದ್ಯುತ್ತು ಒಂದೂವರೆಪಟ್ಟಿನ ಹತ್ತಿರ. ಬಿಸಿಲು ಬೀಳದಂತೆ ಇಡಿ, ಹಿಂದೆ ಕೈಯಾಡುವಷ್ಟು ಜಾಗ ಬಿಡಿ ಎಂಬ ಸಾಲನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಬೇಕಿತ್ತು.

ಇನ್ನು ಗುಬುಟು. 1ರಿಂದ 7ರವರೆಗೆ ಅಂಕಿಗಳು. ಇವು ಡಿಗ್ರಿಗಳಲ್ಲ, ದೊಡ್ಡ ಅಂಕಿ ಎಂದರೆ ಹೆಚ್ಚು ತಂಪು. 1 ಎಂದರೆ 1 ಡಿಗ್ರಿ ಎಂದು ತಿಳಿದು ಬೇಸಗೆಯಲ್ಲಿ 1ಕ್ಕೆ ತಿರುಗಿಸಿಟ್ಟವರನ್ನು ನಾನು ಬಲ್ಲೆ. ಅವರನ್ನು ನಗುವಂತಿಲ್ಲ. ಅಂಕಿ ಬರೆದು ಮಾನ ಬರೆಯದ ತಪ್ಪಿಗೆ ನಾವು ವಿದ್ಯಾರ್ಥಿಗಳ ಅಂಕ ಕಳೆಯುತ್ತೇವೆ. ಎರಡು ಬಾಗಿಲಿನ ಕೆಲವು ಮಾದರಿಗಳಲ್ಲಿ ಇನ್ನೂ ಒಂದು ತೊಡಕಿದೆ. ಅಲ್ಲಿ ಫ್ರೀಜರಿನ ಗುಬುಟು ಕಂಪ್ರೆಸರನ್ನು ನಿಯಂತ್ರಿಸುವುದಿಲ್ಲ. ತಂಪುಗಾಳಿ ಕೆಳಗಿನ ಭಾಗಕ್ಕೆ ಇಳಿಯುವ ದಾರಿಯ ಮುಚ್ಚಳವನ್ನು ಕಿರಿದು ಹಿರಿದು ಮಾಡುತ್ತದೆ. ಅದನ್ನು ಅತಿ ತಂಪಿಗೆ ತಿರುಗಿಸಿದರೆ ಕೆಳಗೆ ಬರುವ ಗಾಳಿ ಕಡಿಮೆಯಾಗಿ ಹಾಲು ಬೇಗ ಕೆಡುತ್ತದೆ. ಕೆಳಗೆ ತಂಪು ಸಾಲದೆಂದು ಎರಡೂ ಗುಬುಟುಗಳನ್ನು ಕೊನೆಯವರೆಗೆ ತಿರುಗಿಸುವುದು ನಮ್ಮೆಲ್ಲರ ಸ್ವಭಾವ. ಗುಬುಟನ್ನು ಸರಿಪಡಿಸಿ ಎನ್ನುವ ಕೋಷ್ಟಕ ಯಾವ ದಿಕ್ಕಿಗೆ ಎಂದು ಹೇಳದಿದ್ದರೆ ಆ ಸಾಲು ಇದ್ದೂ ಪ್ರಯೋಜನವಿಲ್ಲ.

ಪಕ್ಕದ ಮನೆಯ ಕಥೆಗೆ ಮರಳೋಣ. ಮೊದಲು ಮಾಡಿದ ಕೆಲಸ ಅಳೆಯುವುದು. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಆಗದು, ಅದು 35 ಡಿಗ್ರಿಯಿಂದ ಮೇಲಿನದು. ಪಾದರಸದ್ದು ಆಹಾರದ ಬಳಿ ಬೇಡ. ಆಲ್ಕೊಹಾಲ್ ತುಂಬಿದ್ದೋ ಅಗ್ಗದ ಡಿಜಿಟಲ್ಲೋ ಆಗುತ್ತದೆ. ಗಾಳಿಯ ತಾಪ ಬಾಗಿಲು ತೆರೆದ ಕ್ಷಣ ಬದಲಾಗುವುದರಿಂದ ಅದನ್ನು ಒಂದು ಲೋಟ ನೀರಿನಲ್ಲಿ ಇಳಿಬಿಟ್ಟು ನಡುವಿನ ತಟ್ಟೆಯಲ್ಲಿ ರಾತ್ರಿಯೆಲ್ಲ ಇಡಬೇಕು. ಬೆಳಿಗ್ಗೆ ನೋಡಿದರೆ ಕೆಳಗೆ 14 ಡಿಗ್ರಿ. 5ರ ಆಸುಪಾಸು ಇರಬೇಕಾದದ್ದು. ಫ್ರೀಜರಿನಲ್ಲಿ ಮೈನಸ್ 17. ಐಸ್ ಆಗುತ್ತಿದೆ ಎಂಬುದಷ್ಟೇ ಸಾಕ್ಷಿಯಲ್ಲ, ನೀರು ಮೈನಸ್ 5ರಲ್ಲೂ ಹೆಪ್ಪುಗಟ್ಟುತ್ತದೆ. ಆದರೆ ಮೈನಸ್ 17 ಎಂದರೆ ಯಂತ್ರ ಉಷ್ಣವನ್ನು ಚೆನ್ನಾಗಿಯೇ ಎತ್ತುತ್ತಿದೆ ಎಂದಾಯಿತು. ಗ್ಯಾಸ್ ಕಡಿಮೆಯಾಗಿದ್ದರೆ ಮೊದಲು ಸೋಲಬೇಕಾದದ್ದು ಆ ತಾಪ. ಹಾಗಾದರೆ ತಂಪು ಮೇಲೆ ಇದೆ, ಕೆಳಕ್ಕೆ ಇಳಿಯುತ್ತಿಲ್ಲ.

ಏಕೆ ಇಳಿಯುತ್ತಿಲ್ಲ? ಈ ಮಾದರಿಯಲ್ಲಿ ಶೀತಸುರುಳಿ ಫ್ರೀಜರಿನ ಹಿಂಗೋಡೆಯ ಮರೆಯಲ್ಲಿರುತ್ತದೆ. ಒಂದು ಸಣ್ಣ ಫ್ಯಾನ್ ಅದರ ಮೂಲಕ ಗಾಳಿಯನ್ನು ಎಳೆದು ಮೇಲಕ್ಕೂ ಕೆಳಕ್ಕೂ ಹಂಚುತ್ತದೆ. ಬಾಗಿಲಿನಿಂದ ನುಗ್ಗಿದ ತೇವವೆಲ್ಲ ಬಂದು ಹಿಮವಾಗಿ ಕೂರುವುದು ಆ ಸುರುಳಿಯ ಮೇಲೆ. ಹಿಮದ ಪದರದಲ್ಲಿ ಗಾಳಿ ತುಂಬಿರುವುದರಿಂದ ಅದು ಒಳ್ಳೆಯ ಉಷ್ಣ ನಿರೋಧಕ. ದಪ್ಪವಾದರೆ ಗಾಳಿಯ ದಾರಿಯನ್ನೇ ಕಟ್ಟಿಬಿಡುತ್ತದೆ. ಆದ್ದರಿಂದ ದಿನಕ್ಕೆ ಕೆಲವು ಸಲ ಒಂದು ಹೀಟರ್ ಹೊತ್ತಿಕೊಂಡು ಹಿಮವನ್ನು ಕರಗಿಸುತ್ತದೆ, ನೀರು ಹಿಂದಿನ ಕೊಳವೆಯಲ್ಲಿ ಇಳಿದು ಕೆಳಗಿನ ತಟ್ಟೆಯಲ್ಲಿ ಆರುತ್ತದೆ. ಹೀಟರ್, ಅದನ್ನು ಹೊತ್ತಿಸುವ ಟೈಮರ್, ಜೊತೆಗಿರುವ ದ್ವಿಲೋಹದ ಸ್ವಿಚ್ಚು - ಇವುಗಳಲ್ಲಿ ಒಂದು ಕೆಟ್ಟರೂ ಕೆಲವೇ ದಿನಗಳಲ್ಲಿ ಸುರುಳಿ ಹಿಮದ ಗೋಡೆಯಾಗುತ್ತದೆ. ಮೇಲೆ ತಂಪು, ಕೆಳಗೆ ಇಲ್ಲ. ಇಷ್ಟು ಸಾಮಾನ್ಯವಾದ ಈ ದೋಷಕ್ಕೆ ಕೋಷ್ಟಕದಲ್ಲಿ ಪ್ರತ್ಯೇಕ ಸಾಲೇ ಇಲ್ಲ. 'ಸಾಕಷ್ಟು ತಂಪಾಗುತ್ತಿಲ್ಲ' ಎಂಬ ಗುಂಪಿನಲ್ಲಿಯೇ ಅದೂ ಕಳೆದುಹೋಗಿದೆ.

ಹಾಗಾದರೆ ಗ್ಯಾಸ್ ತುಂಬಿಸಿದಾಗ ಎರಡು ಸಲವೂ ಸರಿಹೋದದ್ದು ಹೇಗೆ? ಅದೇ ಸ್ವಾರಸ್ಯ. ಗ್ಯಾಸ್ ತುಂಬುವ ದಿನ ಫ್ರಿಜ್ ಆರಿಸಿ, ಬಾಗಿಲು ತೆರೆದು, ಬೆಳಿಗ್ಗೆಯಿಂದ ಸಂಜೆಯವರೆಗೆ ಅಂಗಳದಲ್ಲಿ ಇಟ್ಟಿದ್ದರು. ಹಿಮವೆಲ್ಲ ಕರಗಿತು. ವಾಸಿ ಮಾಡಿದ್ದು ಗ್ಯಾಸ್ ಅಲ್ಲ, ವಿಶ್ರಾಂತಿ. ಇದನ್ನು ಪರೀಕ್ಷಿಸುವುದು ಸುಲಭ: ಗ್ಯಾಸ್ ತುಂಬಿಸದೆ ಉಳಿದದ್ದನ್ನೆಲ್ಲ ಮಾಡುವುದು. ಪ್ಲಗ್ ಕಿತ್ತು, ಎರಡೂ ಬಾಗಿಲು ತೆರೆದು, ಒಂದು ಹಗಲು ಒಂದು ರಾತ್ರಿ ಬಿಟ್ಟೆವು. ಕೆಳಗೆ ಹಳೆಯ ಬಟ್ಟೆ ಹಾಸಿದ್ದೆವು; ಅಷ್ಟೂ ತೊಯ್ದುಹೋಯಿತು. ಮತ್ತೆ ಹಚ್ಚಿದ ಮರುದಿನ ಕೆಳಗಿನ ತಾಪ 5 ಡಿಗ್ರಿ. ಒಂಬತ್ತನೆಯ ದಿನಕ್ಕೆ ಮತ್ತೆ 11. ಇನ್ನೊಬ್ಬ ಮೆಕ್ಯಾನಿಕ್ ಬಂದು ಹಿಂಗೋಡೆ ಬಿಚ್ಚಿ, ಪ್ಲಗ್ ಕಿತ್ತ ಸ್ಥಿತಿಯಲ್ಲಿ ಹೀಟರಿಗೆ ಮಲ್ಟಿಮೀಟರ್ ಹಿಡಿದ. 230 ವೋಲ್ಟಿನ, 150 ವಾಟಿನ ಹೀಟರಿಗೆ ಸುಮಾರು 350 ಓಮ್ ರೋಧ ಇರಬೇಕು. ಇದರಲ್ಲಿ ತಂತಿ ತುಂಡಾಗಿತ್ತು, ಮೀಟರ್ ಅಲುಗಲೇ ಇಲ್ಲ. ಹೀಟರ್ ಬದಲಾಯಿಸಿದ ಮೇಲೆ ಎರಡು ಮಳೆಗಾಲ ಕಳೆದಿವೆ.

ಒಂದು ಇಡೀ ದಿನ ಆರಿಸಿಟ್ಟು ನೋಡಿ. ಸರಿಹೋಗಿ ಒಂದೆರಡು ವಾರದಲ್ಲಿ ಮತ್ತೆ ಕೆಟ್ಟರೆ ದೋಷ ಹಿಮ ಕರಗಿಸುವ ಭಾಗದಲ್ಲಿರುವ ಸಂಭವ ಹೆಚ್ಚು. ಹಿಮ ಕರಗಿದರೂ ತಂಪು ಬಾರದಿದ್ದರೆ ಫ್ಯಾನ್ ತಿರುಗುತ್ತಿದೆಯೇ, ಫ್ರೀಜರ್ ಮೈನಸ್ 18ರ ಹತ್ತಿರ ಬರುತ್ತಿದೆಯೇ ನೋಡಿ. ಇಷ್ಟು ಬರೆಯಲು ಕೈಪಿಡಿಯಲ್ಲಿ ಮೂರು ಸಾಲು ಸಾಕಿತ್ತು. ಆ ಮೂರು ಸಾಲು ಇಲ್ಲದ್ದರಿಂದ ನೆರೆಯವರು ಎರಡು ಸಲ ಗ್ಯಾಸಿನ ಹಣ ತೆತ್ತರು.

ಗ್ಯಾಸಿನ ವಿಷಯವನ್ನು ಹಣದ ಮಾತಿಗೇ ಬಿಡುವಂತಿಲ್ಲ. ಫ್ರಿಜ್‌ನ ಶೈತ್ಯಕಾರಿ ಅನಿಲ ಬೆಸುಗೆ ಹಾಕಿ ಮುಚ್ಚಿದ ಕೊಳವೆಯಲ್ಲಿ ಸುತ್ತುತ್ತಿರುತ್ತದೆ. ಕಾರಿನ ಪೆಟ್ರೋಲಿನಂತೆ ಅದು ಖರ್ಚಾಗುವುದಿಲ್ಲ, ಆದ್ದರಿಂದ 'ಮುಗಿಯುವುದೂ' ಇಲ್ಲ. ಕಡಿಮೆಯಾಗಿದ್ದರೆ ಸೋರಿದೆ. ಸೋರುವ ಜಾಗವನ್ನು ಹುಡುಕಿ ಮುಚ್ಚಬೇಕು, ತೇವ ಹೀರುವ ಫಿಲ್ಟರನ್ನು ಬದಲಾಯಿಸಬೇಕು, ಪಂಪಿನಿಂದ ಒಳಗಿನ ಗಾಳಿಯನ್ನು ಪೂರ್ತಿ ಎಳೆಯಬೇಕು, ಆಮೇಲೆ ಫಲಕದಲ್ಲಿ ಬರೆದಷ್ಟೇ ಗ್ರಾಮ್ ಅನಿಲವನ್ನು ತಕ್ಕಡಿಯಲ್ಲಿ ತೂಗಿ ತುಂಬಬೇಕು. ಅರ್ಧ ಗಂಟೆಯಲ್ಲಿ ಸಿಲಿಂಡರ್ ಜೋಡಿಸಿ 'ಹಾಕುವ' ಗ್ಯಾಸ್ ಇದಲ್ಲ.

ಅನಿಲ ಯಾವುದು ಎಂಬುದೂ ಮುಖ್ಯ. ಹಳೆಯ ಫ್ರಿಜ್‌ಗಳಲ್ಲಿ ವಿಷಾನಿಲಗಳಿದ್ದ ಕಾಲವೊಂದಿತ್ತು. ಬರ್ಲಿನ್‌ನಲ್ಲಿ ಸೋರಿದ ಅನಿಲದಿಂದ ಒಂದು ಕುಟುಂಬ ಸತ್ತ ಸುದ್ದಿಯನ್ನು ಓದಿ ಐನ್‌ಸ್ಟೈನ್ ಮತ್ತು ಲಿಯೋ ಜಿಲಾರ್ಡ್ 1926ರಲ್ಲಿ ಚಲಿಸುವ ಭಾಗಗಳಿಲ್ಲದ ಫ್ರಿಜ್‌ನ ಯೋಚನೆಗೆ ಇಳಿದರು. 1930ರಲ್ಲಿ ಅವರಿಗೆ ಅಮೆರಿಕದ ಪೇಟೆಂಟೂ ಸಿಕ್ಕಿತು. ಅದೇ ಹೊತ್ತಿಗೆ ಥಾಮಸ್ ಮಿಜ್ಲಿಯ ತಂಡದ ಫ್ರಿಯಾನ್ ಬಂದು ಆ ಯೋಚನೆ ಹಿಂದುಳಿಯಿತು. ಫ್ರಿಯಾನ್ ವಿಷವಲ್ಲ, ಉರಿಯುವುದೂ ಇಲ್ಲ. ಆದರೆ ಓಝೋನ್ ಪದರವನ್ನು ಅದು ಕೆಡಿಸಬಲ್ಲುದೆಂದು 1974ರಲ್ಲಿ ಮೊಲಿನಾ ಮತ್ತು ರೋಲೆಂಡ್ ತೋರಿಸಿದರು. 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಅದು ಹಂತಹಂತವಾಗಿ ಹೋಯಿತು. ಅದರ ಜಾಗಕ್ಕೆ ಬಂದ ಆರ್-134ಎ ಓಝೋನಿಗೆ ಕೇಡು ಮಾಡದಿದ್ದರೂ ಭೂಮಿಯನ್ನು ಬಿಸಿಯೇರಿಸುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸಾವಿರದ ಮೇಲೆ ಕೆಲವು ನೂರು ಪಟ್ಟು ಪ್ರಬಲ. ಆದ್ದರಿಂದ ಈಗಿನ ಬಹಳಷ್ಟು ಮನೆಬಳಕೆಯ ಫ್ರಿಜ್‌ಗಳಲ್ಲಿ ಆರ್-600ಎ ಇದೆ. ಇದು ಬೇರೇನಲ್ಲ, ಐಸೋಬ್ಯುಟೇನ್; ಅಡುಗೆ ಅನಿಲದ ಬಂಧು. ಚೆನ್ನಾಗಿ ಉರಿಯುತ್ತದೆ. ಅಡುಗೆ ಅನಿಲಕ್ಕೆ ಬೆರೆಸುವ ವಾಸನೆಯ ದ್ರವ್ಯ ಇದರಲ್ಲಿ ಇರುವುದಿಲ್ಲ.

ಹೆದರಬೇಕಿಲ್ಲ, ಲೆಕ್ಕ ಹಾಕಿದರೆ ಸಾಕು. ಫ್ರಿಜ್‌ನಲ್ಲಿರುವ ಐಸೋಬ್ಯುಟೇನ್ 50 ಗ್ರಾಮ್ ಎನ್ನೋಣ. ಅದು ಪೂರ್ತಿ ಸೋರಿದರೆ ಸುಮಾರು 21 ಲೀಟರ್ ಅನಿಲ. 25 ಘನ ಮೀಟರಿನ ಅಡುಗೆಮನೆಯಲ್ಲಿ ಹರಡಿಕೊಂಡರೆ ಶೇಕಡ 0.1ಕ್ಕಿಂತ ಕಡಿಮೆ, ಉರಿಯಲು ಕನಿಷ್ಠ ಶೇಕಡ 1.8 ಬೇಕು. ಆದರೆ 250 ಲೀಟರಿನ ಮುಚ್ಚಿದ ಫ್ರಿಜ್‌ನೊಳಗೆ ಅದರ ಅರ್ಧ ಸೋರಿದರೂ ಶೇಕಡ 4 ಆಗುತ್ತದೆ. ಗ್ಯಾಸ್ ತುಂಬುವಾಗ ಅನಿಲ ಉಳಿದ ಕೊಳವೆಗೆ ಬೆಸುಗೆಯ ಉರಿ ಹಿಡಿಯುವುದು ಇನ್ನೂ ಅಪಾಯ. ಕೈಪಿಡಿಯ ಮೊದಲ ಪುಟಗಳಲ್ಲಿ ಬೆಂಕಿಯ ಚಿತ್ರವಿರುವ ತ್ರಿಕೋನವೊಂದು ಇರುತ್ತದೆ, ನಿಜ. ಕೊನೆಯ ಪುಟದ ಕೋಷ್ಟಕಕ್ಕೆ ಅದರ ನೆನಪಿಲ್ಲ. ಫ್ರೀಜರಿನ ಐಸನ್ನು ಚಾಕುವಿನಿಂದ ಕೆರೆಯಬೇಡಿ ಎಂಬ ಎಚ್ಚರಿಕೆ ಇದೆ, ಏಕೆ ಎಂದಿಲ್ಲ. ಒಂದು ಬಾಗಿಲಿನ ಮಾದರಿಗಳಲ್ಲಿ ಐಸಿನ ಹಿಂದೆಯೇ ಇರುವುದು ತೆಳುವಾದ ಅಲ್ಯೂಮಿನಿಯಮ್, ಅದರ ಹಿಂದೆ ಈ ಅನಿಲ. ಚಾಕು ತಾಗಿ ತೂತಾದರೆ ಅನಿಲ ಸೋರುವುದು ಪೆಟ್ಟಿಗೆಯ ಒಳಕ್ಕೇ. ಆಗ ಪ್ಲಗ್‌ಗೂ ಸ್ವಿಚ್ಚಿಗೂ ಕೈ ಹಚ್ಚದೆ, ಒಲೆ ಆರಿಸಿ, ಫ್ರಿಜ್‌ನ ಬಾಗಿಲನ್ನೂ ಕಿಟಕಿಗಳನ್ನೂ ತೆರೆದಿಡಬೇಕು. ಕಾರಣ ಹೇಳಿದರೆ ಎಚ್ಚರಿಕೆಯನ್ನು ಜನ ಪಾಲಿಸುತ್ತಾರೆ.

ಕೋಷ್ಟಕದಲ್ಲಿ ಮೆಚ್ಚತಕ್ಕದ್ದೂ ಇದೆ. 'ಇವು ದೋಷಗಳಲ್ಲ' ಎಂಬ ಭಾಗ ಎಲ್ಲ ಕೈಪಿಡಿಗಳಲ್ಲೂ ಚೆನ್ನಾಗಿದೆ. ಪಕ್ಕದ ಗೋಡೆಗಳು ಬಿಸಿಯಾಗುವುದು ಸಹಜ, ಏಕೆಂದರೆ ಹಿಂದೆ ಕಪ್ಪು ಜಾಲರಿಯಾಗಿ ಕಾಣುತ್ತಿದ್ದ ಉಷ್ಣ ಬಿಡುವ ಕೊಳವೆ ಈಗ ಗೋಡೆಯೊಳಗೆ ಅಡಗಿದೆ. ಬಾಗಿಲಿನ ಚೌಕಟ್ಟು ಬೆಚ್ಚಗಿರುವುದು ಅಲ್ಲಿ ಬೆವರು ಕಟ್ಟದಿರಲೆಂದು. ಗುಳುಗುಳು ಸದ್ದು ಶೈತ್ಯಕಾರಿ ಹರಿಯುವುದು, ಟಕ್ ಎನ್ನುವುದು ಪ್ಲಾಸ್ಟಿಕ್ ಕುಗ್ಗುವುದು. ಇಲ್ಲಿ ಬರೆದವರು ಓದುಗನಿಗೆ ಕಾರಣ ಕೊಟ್ಟಿದ್ದಾರೆ, ಅನಗತ್ಯ ಭಯ ತಪ್ಪಿಸಿದ್ದಾರೆ. ತರಕಾರಿ ಡಬ್ಬದ ಕೆಳಗೆ ನೀರು ನಿಂತರೆ ಹಿಂದಿನ ರಂಧ್ರವನ್ನು ಬೆಚ್ಚಗಿನ ನೀರಿನಿಂದ ಬಿಡಿಸಿಕೊಳ್ಳಿ ಎಂಬ ಸಾಲೂ ಒಳ್ಳೆಯದು. ಇದೇ ಲೇಖಕರು ಉಳಿದ ಸಾಲುಗಳಲ್ಲಿ ಏಕೆ ಮೌನವಾದರು ತಿಳಿಯದು.

ಮೌನದ ಇನ್ನೊಂದು ಉದಾಹರಣೆ: ಕಂಪ್ರೆಸರ್ ಕೆಲವು ನಿಮಿಷಕ್ಕೊಮ್ಮೆ ಸಣ್ಣಗೆ ಗುಂಯ್‌ಗುಟ್ಟಿ 'ಕಟ್' ಎಂದು ನಿಲ್ಲುವುದು. ಅದು ಏಳಲು ಯತ್ನಿಸಿ ಸೋಲುತ್ತಿದೆ, ರಕ್ಷಣೆಯ ಸ್ವಿಚ್ಚು ಅದನ್ನು ಆರಿಸುತ್ತಿದೆ ಎಂದರ್ಥ. ವೋಲ್ಟೇಜ್ ಕಡಿಮೆಯಿರಬಹುದು, ಸ್ಟಾರ್ಟ್ ರಿಲೇ ಕೆಟ್ಟಿರಬಹುದು. ಕಂಪ್ರೆಸರೇ ಹೋಗಿದೆ ಎಂದು ಒಪ್ಪಿಕೊಳ್ಳುವ ಮೊದಲು ಚಿಕ್ಕ ವಸ್ತುವಾದ ಆ ರಿಲೇಯನ್ನು ನೋಡಿಸಬೇಕು. ಕರೆಂಟು ಹೋಗಿ ತಕ್ಷಣ ಬಂದಾಗಲೂ ಹೀಗಾಗುತ್ತದೆ. ಯಂತ್ರ ನಿಂತ ಮೇಲೆ ಒಂದು ಕಡೆಯ ಹೆಚ್ಚಿನ ಒತ್ತಡ ಕೂದಲಿನಂಥ ಕೊಳವೆಯ ಮೂಲಕ ಇನ್ನೊಂದು ಕಡೆಗೆ ಸರಿದು ಸಮವಾಗಲು ಮೂರರಿಂದ ಐದು ನಿಮಿಷ ಬೇಕು. ಅಷ್ಟರೊಳಗೆ ಏಳಿಸಿದರೆ ಅದು ಆ ಒತ್ತಡದ ವಿರುದ್ಧವೇ ಏಳಬೇಕು. ಕೆಲವು ಸ್ಟೆಬಿಲೈಜರುಗಳಲ್ಲಿ ತಡಮಾಡಿ ಹಚ್ಚುವ ಏರ್ಪಾಡು ಇರುವುದು ಇದಕ್ಕಾಗಿಯೇ.

ಅಳೆಯುವ ಮಾತು ಹೇಳುತ್ತಿದ್ದೆ. ಥರ್ಮಾಮೀಟರ್ ಅಲ್ಲದೆ ಇನ್ನೊಂದು ಉಪಕರಣ ನಿಮ್ಮ ಮನೆಯಲ್ಲಿ ಆಗಲೇ ಇದೆ, ವಿದ್ಯುತ್ ಮೀಟರ್. ಅದರ ಮುಖದಲ್ಲಿ ಒಂದು ಕೆಂಪು ದೀಪ ಮಿನುಗುತ್ತದೆ. ಒಂದು ಯೂನಿಟ್‌ಗೆ ಎಷ್ಟು ಮಿನುಗು ಎಂದು ಪಕ್ಕದಲ್ಲಿ ಬರೆದಿರುತ್ತದೆ, ಹಲವು ಮೀಟರುಗಳಲ್ಲಿ 3200. ಮನೆಯ ಉಳಿದೆಲ್ಲವನ್ನೂ ಆರಿಸಿ ಫ್ರಿಜ್ ಒಂದನ್ನೇ ಬಿಟ್ಟು ಹತ್ತು ನಿಮಿಷ ಎಣಿಸಿ. 53 ಮಿನುಗಿದರೆ ಗಂಟೆಗೆ 318, ಅಂದರೆ ಸುಮಾರು 0.1 ಯೂನಿಟ್, ಯಂತ್ರ 100 ವಾಟ್ ಎಳೆಯುತ್ತಿದೆ. ಹಳೆಯ ಮಾದರಿಯ ಕಂಪ್ರೆಸರ್ ಓಡುತ್ತದೆ, ನಿಲ್ಲುತ್ತದೆ. ಎಷ್ಟು ಹೊತ್ತು ಓಡಿತು, ಎಷ್ಟು ಹೊತ್ತು ನಿಂತಿತು ಎಂದು ಒಂದು ಸಂಜೆ ಬರೆದಿಟ್ಟುಕೊಳ್ಳಿ. ಫ್ರಿಜ್ ಚೆನ್ನಾಗಿರುವಾಗಲೇ ಇದನ್ನು ಮಾಡಿಡಬೇಕು. ನಿಲ್ಲದೆ ಓಡಲು ತೊಡಗಿದ ದಿನ ಏನೋ ಬದಲಾಗಿದೆ ಎಂದು ತಿಳಿಯುತ್ತದೆ. ಆಗ ಬಾಗಿಲಿನ ರಬ್ಬರಿಗೆ ಒಂದು ನೋಟು ಸಿಕ್ಕಿಸಿ ಎಳೆದು ನೋಡಿ. ಸುಲಭವಾಗಿ ಜಾರಿದ ಕಡೆ ಗಾಳಿಯೂ ತೇವವೂ ಹಗಲಿರುಳು ಒಳಗೆ ಹೋಗುತ್ತಿವೆ. ಬಾಗಿಲು ತೆರೆಯುವುದು ಗಳಿಗೆಯ ಮಾತು, ಸಡಿಲ ರಬ್ಬರ್ ಇಪ್ಪತ್ತನಾಲ್ಕು ಗಂಟೆಯ ಬಾಗಿಲು. ಮಾರುವಾಗ ಅಂಟಿಸುವ ನಕ್ಷತ್ರದ ಚೀಟಿಯಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಎಂದಿರುತ್ತದೆ. ಅದು ಪ್ರಯೋಗಾಲಯದ ನಿಯತ ಪರಿಸ್ಥಿತಿಯ ಅಂಕಿ. ಮನೆಯಲ್ಲಿ ಸ್ವಲ್ಪ ಹೆಚ್ಚಾದರೆ ಗಾಬರಿ ಬೇಡ, ಎರಡು ಪಟ್ಟಾದರೆ ಹುಡುಕಬೇಕು.

ಭಾಷೆಯ ಬಗ್ಗೆ ಒಂದು ಮಾತು. ನಾನು ನೋಡಿದವುಗಳಲ್ಲಿ ಹೆಚ್ಚಿನವು ಇಂಗ್ಲಿಷ್ ಮತ್ತು ಹಿಂದಿಯಲ್ಲಿವೆ. ಕನ್ನಡವಿದ್ದ ಎರಡರಲ್ಲಿ ಕನ್ನಡ ಅರ್ಥವಾಗಬೇಕಾದರೆ ಪಕ್ಕದ ಇಂಗ್ಲಿಷನ್ನು ನೋಡಬೇಕಾಯಿತು. ಗೃಹಿಣಿಯರಿಗೂ ಮೆಕ್ಯಾನಿಕ್‌ಗಳಿಗೂ ಗೊತ್ತಿರುವ ಕಂಪ್ರೆಸರ್, ಗ್ಯಾಸ್ಕೆಟ್, ಫ್ಯಾನ್ ಎಂಬ ಮಾತುಗಳನ್ನು ಬಿಟ್ಟು ನಿಘಂಟಿನಿಂದ ಶಬ್ದ ತೆಗೆದು ಜೋಡಿಸಿದ್ದಾರೆ. ಪಾರಿಭಾಷಿಕ ಪದಗಳ ವಿಷಯದಲ್ಲಿ ನಾವು ಪಾಠ ಮಾಡುವವರು ಮಾಡುತ್ತಿರುವ ತಪ್ಪೇ ಇದು, ಆದ್ದರಿಂದ ಹೆಚ್ಚು ದೂರುವಂತಿಲ್ಲ.

ಕೊನೆಯದಾಗಿ, ಕೋಷ್ಟಕದಲ್ಲಿ ಇಲ್ಲದ ಒಂದು ತೊಂದರೆ. ಫ್ರಿಜ್ ಮುಟ್ಟಿದರೆ ಕೈ ಜುಮ್ಮೆನ್ನುವುದು. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಲ್ಲುವ ನಮ್ಮ ಅಡುಗೆಮನೆಗಳಲ್ಲಿ ಇದು ಅಪರೂಪವಲ್ಲ. ಒಳಗೆ ಎಲ್ಲೋ ವಿದ್ಯುತ್ತು ಮೈಗೆ ಸೋರುತ್ತಿದೆ, ಅದನ್ನು ನೆಲಕ್ಕೆ ಒಯ್ಯಬೇಕಾದ ಅರ್ಥ್ ತಂತಿ ತುಂಡಾಗಿದೆ ಅಥವಾ ಇಲ್ಲವೇ ಇಲ್ಲ. ಕಾಲಕೆಳಗೆ ರಬ್ಬರ್ ಚಾಪೆ ಹಾಕುವುದು ಇದಕ್ಕೆ ಪರಿಹಾರವಲ್ಲ. ಮುಖ್ಯ ಸ್ವಿಚ್ಚು ಆರಿಸಿ ಪ್ಲಗ್ ಕಿತ್ತು, ಎಲೆಕ್ಟ್ರಿಷಿಯನ್ನರಿಂದ ಮೊದಲು ಮನೆಯ ಅರ್ಥಿಂಗನ್ನೂ ಆಮೇಲೆ ಫ್ರಿಜ್ಜನ್ನೂ ನೋಡಿಸಬೇಕು. 30 ಮಿಲಿಆಂಪಿಯರ್ ಸೋರಿಕೆಗೆ ಆರುವ ಸ್ವಿಚ್ಚನ್ನು ಹಾಕಿಸಿಕೊಳ್ಳಬೇಕು. ಎರಡು ತೂತಿನ ಬೋರ್ಡಿಗೆ ಹೊಂದಿಸಲು ಮೂರನೆಯ, ದಪ್ಪನೆಯ ಪಿನ್ನನ್ನು ಕತ್ತರಿಸಿದ ಪ್ಲಗ್ ನಿಮ್ಮ ಮನೆಯಲ್ಲಿದ್ದರೆ ಅದನ್ನು ಇವತ್ತೇ ಬದಲಾಯಿಸಿ.